ಬಾಯ್ಲರು ಬದಲಿಸಿ ನೋಡು!

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟು ಹೋದರು. ಪಾಪ, ಅವರ ಕಾಲಕ್ಕೆ ಪ್ಲಂಬರುಗಳಿರಲಿಲ್ಲ. ಇದ್ದಿದ್ದರೆ ‘ಬಾಯ್ಲರು ಬದಲಿಸಿ ನೋಡು’ ಅಂತ ಮೂರನೆಯದನ್ನೂ ಖಂಡಿತ ಸೇರಿಸುತ್ತಿದ್ದರು. ನಾನು ಮನೆಯನ್ನೂ ಕಟ್ಟಿಲ್ಲ, ಮಕ್ಕಳ ಮದುವೆಯನ್ನೂ ಇನ್ನೂ ಮಾಡಿಲ್ಲ. ಆದರೆ ಬಾಯ್ಲರು ಬದಲಿಸಿ ನೋಡಿದೆ. ಅದರಲ್ಲಿ ಕಳಕೊಂಡದ್ದೆಷ್ಟು, ಕಲಿತದ್ದೆಷ್ಟು ಅನ್ನುವ ಲೆಕ್ಕವನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇನೆ. ನಗಬೇಡಿ. ನಿಮ್ಮ ಬಚ್ಚಲಿನಲ್ಲೂ ಒಂದು ನೇತಾಡುತ್ತಿದೆ ತಾನೆ?

ಬಾಯ್ಲರು ಅಂದೆ, ಅಂಗಡಿಯವರ ಭಾಷೆಯಲ್ಲಿ ಅದು ಗೀಸರು. ನಮ್ಮತ್ತೆಗೆ ಮಾತ್ರ ಬಿಸಿನೀರು ಕೊಡುವುದೆಲ್ಲ ಬಾಯ್ಲರೇ. ಅವರು ಹುಟ್ಟಿ ಬೆಳೆದ ಮನೆಯಲ್ಲಿ ಇದ್ದದ್ದು ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ. ತೆಂಗಿನ ಮಟ್ಟೆ, ಕರಟ, ತರಗು ಎಲ್ಲ ಅದರ ಹೊಟ್ಟೆಗೆ. ಆಮೇಲೆ ಮೈಸೂರಿಗೆ ಬಂದಾಗ ನಡುವೆ ಕೊಳವೆ ಇರುವ ತಾಮ್ರದ ಬಾಯ್ಲರು ಬಂತು. 2009ರಲ್ಲಿ ಅದನ್ನೂ ಅಟ್ಟಕ್ಕೆ ಹಾಕಿ ನಾವು ಕರೆಂಟಿನ ಗೀಸರು ಹಾಕಿಸಿದೆವು. ಹೆಸರು ಮಾತ್ರ ಬಾಯ್ಲರು ಅಂತಲೇ ಉಳಿದುಕೊಂಡಿತು.

ಹದಿನೈದು ವರ್ಷ ಅದು ಚಕಾರವೆತ್ತದೆ ದುಡಿಯಿತು. ಕೈಕೊಟ್ಟದ್ದು ಯಾವಾಗ ಗೊತ್ತೇ? 2024ರ ದೀಪಾವಳಿಗೆ ಸರಿಯಾಗಿ ಐದು ದಿನ ಇರುವಾಗ! ಬೆಳಿಗ್ಗೆ ಬಚ್ಚಲಿಗೆ ಹೋಗಿ ನೋಡಿದರೆ ಗೀಸರಿನ ತಳದಿಂದ ತುಕ್ಕಿನ ಬಣ್ಣದ ನೀರು ತೊಟ್ಟಿಕ್ಕುತ್ತಿದೆ, ಗೋಡೆಯ ಟೈಲ್ಸಿನ ಮೇಲೆ ಕೆಂಪು ಗೆರೆ. ನಮ್ಮ ಬಡಾವಣೆಯಲ್ಲಿ ಕಾವೇರಿ ನೀರಿನ ಜೊತೆಗೆ ಬೋರ್‌ವೆಲ್ ನೀರೂ ಸೇರುತ್ತದೆ. ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳೀ ಚಕ್ಕೆ ಕಟ್ಟುವುದಿಲ್ಲವೇ, ಹಾಗೆಯೇ ಗೀಸರಿನೊಳಗೂ ಕಟ್ಟುತ್ತದೆ. ಒಳಗಿನ ಟ್ಯಾಂಕೇ ತೂತಾದ ಮೇಲೆ ರಿಪೇರಿಯ ಮಾತೇ ಇಲ್ಲ, ಹೊಸದೇ ಗತಿ.

ನಮ್ಮತ್ತೆಗೆ ಎಪ್ಪತ್ತೆಂಟು. ಎರಡೂ ಮಂಡಿ ಹಿಡಿದುಕೊಂಡಿವೆ. ಬೆಳಗಿನ ಎರಡು ಬಕೆಟ್ ಬಿಸಿನೀರು ಅವರಿಗೆ ಸ್ನಾನವೂ ಹೌದು, ಔಷಧಿಯೂ ಹೌದು. ಅದರ ಮೇಲೆ ನೀರು ತುಂಬುವ ಹಬ್ಬ, ನರಕ ಚತುರ್ದಶಿಯ ಎಣ್ಣೆನೀರು! “ಹಬ್ಬದ ದಿನ ಗ್ಯಾಸಿನ ಮೇಲೆ ಡಬರಿಯಲ್ಲಿ ಕಾಸ್ಕೊಂಡು ಮೀಯೋದೇನೇ?” ಅಂತ ಅವರು ಕೇಳಿದಾಗ ನನಗೆ ಕರುಳು ಚುರುಕ್ ಅಂದಿತು.

ಗೀಸರಿನ ವಿಷಯ ಸುಲಭವಾಗೇ ಮುಗಿಯಿತು ಅನ್ನಿ. ಯಜಮಾನರೂ ನಾನೂ ಸಂಜೆ ಅಂಗಡಿಗೆ ಹೋದೆವು. 25 ಲೀಟರಿನದು ತೊಗೊಳ್ಳಿ ಅಂತ ಅಂಗಡಿಯ ಹುಡುಗ ಬಲವಂತ ಮಾಡಿದ. ನಾನು ಸ್ಕೂಲಿನಲ್ಲಿ ಕಲಿತ ಲೆಕ್ಕವನ್ನೇ ಹಾಕಿದೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.7 ಯೂನಿಟ್ ಕರೆಂಟು ಬೇಕು. 25 ಲೀಟರಿಗೆ ಸುಮಾರು 1.2 ಯೂನಿಟ್. ಗೀಸರುಗಳು ಸಾಮಾನ್ಯವಾಗಿ 2000 ವ್ಯಾಟಿನವು. ಅಂದರೆ 15 ಲೀಟರಿನದು ಇಪ್ಪತ್ತು-ಇಪ್ಪತ್ತೆರಡು ನಿಮಿಷಕ್ಕೆ ಕಾಯುತ್ತದೆ, 25 ಲೀಟರಿನದಕ್ಕೆ ಮೂವತ್ತೈದು ನಿಮಿಷ. 60 ಡಿಗ್ರಿ ನೀರನ್ನು ಯಾರೂ ಹಾಗೇ ಮೈಮೇಲೆ ಹುಯ್ದುಕೊಳ್ಳುವುದಿಲ್ಲ. ತಣ್ಣೀರು ಬೆರೆಸಿದರೆ 15 ಲೀಟರು 30 ಲೀಟರಾಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಬಕೆಟ್ಟಿನಲ್ಲಿ ಸ್ನಾನ ಮಾಡುವ ನಮ್ಮಂಥ ನಾಲ್ಕು ಜನರ ಮನೆಗೆ ಅಷ್ಟು ಸಾಕು. ಗೃಹಜ್ಯೋತಿಯವರಿಗಂತೂ ಈ ಲೆಕ್ಕ ಮುಖ್ಯ. ತಿಂಗಳಿಗೆ 200 ಯೂನಿಟ್ಟಿನ ಗೆರೆ ದಾಟಿತೋ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು.

15 ಲೀಟರಿನ, ಐದು ಸ್ಟಾರಿನ ಗೀಸರಿಗೆ ತೆರಿಗೆ ಎಲ್ಲ ಸೇರಿ 8,200 ರೂಪಾಯಿ ಆಯಿತು. ಯಂತ್ರದಿಂದ ಕಟಕಟ ಅಂತ ಬಿಲ್ಲು ಬಂತು. ನಾನು ಬಾಯಿ ಬಿಡದೆ ಎಣಿಸಿಕೊಟ್ಟೆ. ಈ ‘ಬಾಯಿ ಬಿಡದೆ’ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾರನೆಯ ದಿನ ನಮ್ಮ ಹಳೇ ಪ್ಲಂಬರಣ್ಣನಿಗೆ ಹೇಳಿ ಕಳಿಸಿದೆ. ಅರವತ್ತರ ಹತ್ತಿರದವರು, ಮಾತು ಕಮ್ಮಿ. ಬಂದರು, ಬಚ್ಚಲಲ್ಲಿ ನಿಂತು ತಲೆಯೆತ್ತಿ ನೋಡಿದರು, ಪೈಪನ್ನು ಉಗುರಿನಿಂದ ಕೆರೆದು ನೋಡಿದರು. ಗೋಡೆಗೆ ನೇತು ಹಾಕಿದ್ದ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಅದರ ಹಿಂದೆ ಬರೆದುಕೊಟ್ಟರು:

ಹಳೆಯದನ್ನು ಇಳಿಸುವುದು – 200
ಹೊಸದನ್ನು ಕೂರಿಸುವ ಕೂಲಿ – 600
ಕನೆಕ್ಷನ್ ಪೈಪು, ಜೊತೆ – 350
ಆಂಗಲ್ ವಾಲ್ವು, ಎರಡು – 700
ತುಕ್ಕು ಹಿಡಿದ ಕಬ್ಬಿಣದ ಪೈಪು ಕತ್ತರಿಸಿ ಸಿ.ಪಿ.ವಿ.ಸಿ. ಪೈಪು, ಎಲ್ಬೋ ಹಾಕುವುದಕ್ಕೆ – 450
ಗೋಡೆಯ ಬೋಲ್ಟು – 100
ಟೇಪು, ಸಣ್ಣಪುಟ್ಟ – 50
ಒಟ್ಟು – 2,450 ರೂಪಾಯಿ.

ನನ್ನ ಎದೆ ಧಸಕ್ ಅಂದಿತು. ಎಂಟು ಸಾವಿರದ ಗೀಸರಿಗೆ ಎರಡೂವರೆ ಸಾವಿರದ ಕೂಲಿಯೇ? “ಇದೇನು ಇಷ್ಟೊಂದು? ಹಳೇ ಪೈಪೇ ಇದೆಯಲ್ಲ, ಅದಕ್ಕೇ ಸಿಗಿಸಿಬಿಡಿ” ಅಂದೆ.

“ಆಗಲ್ಲ ಅಮ್ಮಾವ್ರೇ. ಪೈಪು ಹದಿನೈದು ವರ್ಷದ್ದು. ಬಿಸಿನೀರಿನ ಕೆಲಸ, ಅರ್ಧಂಬರ್ಧ ಮಾಡಬಾರದು.”

“ಸಾವಿರದ ಐನೂರಕ್ಕೆ ಮಾಡಿ.”

ಅವರು ಏನೂ ಹೇಳಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನು ನನ್ನ ಕೈಗೆ ಕೊಟ್ಟು, “ಯೋಚನೆ ಮಾಡಿ ಹೇಳಿ ಅಮ್ಮಾವ್ರೇ” ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ನನಗೋ ಸಿಟ್ಟು. ಹಬ್ಬದ ಸಮಯ ನೋಡಿ ಸುಲಿಯುತ್ತಿದ್ದಾರೆ ಅಂತ ಎದುರುಮನೆಯಾಕೆಯ ಹತ್ತಿರ ಹೇಳಿಕೊಂಡೆ. ಆಕೆ ಕೂಡಲೇ ಒಬ್ಬ ಹುಡುಗನ ನಂಬರು ಕೊಟ್ಟಳು. ಬೈಕಿನಲ್ಲಿ ಬಂದ ಹುಡುಗ, ನಗುಮುಖ. “ಎಲ್ಲಾ ಸೇರಿ ಸಾವಿರದ ಐನೂರು ಕೊಡಿ ಆಂಟಿ” ಅಂದ. ನಾನು ಸಾವಿರದ ಇನ್ನೂರಕ್ಕೆ ಇಳಿಸಿದೆ. ಒಂದು ಗಂಟೆಯಲ್ಲಿ ಕೆಲಸ ಮುಗಿಸಿ, ನೀರು ಬಿಟ್ಟು, ಕರೆಂಟು ಹಾಕಿ, “ಆಯ್ತು ಆಂಟಿ” ಅಂತ ಕೈ ಒರೆಸಿಕೊಂಡ. ಯಜಮಾನರು ಆಫೀಸಿನಿಂದ ಬಂದಾಗ, “ನೋಡಿ, 1,250 ರೂಪಾಯಿ ಉಳಿಸಿದೆ” ಅಂತ ಬೀಗಿದೆ. “ಭೇಷ್” ಅಂದರು. ಉಳಿದ ದುಡ್ಡನ್ನು ಸಾಸಿವೆ ಡಬ್ಬಿಗೆ ಹಾಕಿದೆ.

ಎರಡು ದಿನ ಕಳೆದು ನೋಡುತ್ತೇನೆ, ಹೊಸ ಗೀಸರಿನ ಕೆಳಗೆ ಮತ್ತೆ ತೊಟ್ಟು ತೊಟ್ಟಾಗಿ ನೀರು! ತಣ್ಣೀರು ಒಳಹೋಗುವ ಕಡೆ ಒಂದು ಪುಟ್ಟ ಹಿತ್ತಾಳೆಯ ವಾಲ್ವು, ಅದರ ಪಕ್ಕದ ತೂತಿನಿಂದ ಹನಿ ಬೀಳುತ್ತಿದೆ. ಗೀಸರು ಹಾಕಿದಾಗ ಮಾತ್ರ ಬೀಳುತ್ತದೆ, ಆರಿಸಿದರೆ ನಿಲ್ಲುತ್ತದೆ. ಆ ಹುಡುಗನಿಗೆ ಫೋನು ಮಾಡಿ ಚೆನ್ನಾಗಿ ಬೈದೆ. “ಹೊಸ ಮಾಲು ಸೋರೋದು ಅಂದರೇನು? ನಾಳೆ ಹಬ್ಬ. ಈಗಲೇ ಬಂದು ನಿಲ್ಲಿಸು.” ಪಾಪ, ಬಂದ. ತೂತಿನೊಳಕ್ಕೆ ಎಂ-ಸೀಲ್ ಮೆತ್ತಿ ಮುಚ್ಚಿದ. ಹನಿ ನಿಂತಿತು. ಕಾಸೂ ಕೇಳಲಿಲ್ಲ. ಒಳ್ಳೇ ಹುಡುಗ ಅಂತ ಒಂದು ಲೋಟ ಕಾಫಿ ಕೊಟ್ಟು ಕಳಿಸಿದೆ.

ನೀರು ತುಂಬುವ ಸಂಜೆ ನಮ್ಮತ್ತೆ ಹೊಸ ಬಾಯ್ಲರಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಮೊಳ ಸೇವಂತಿಗೆ ಸುತ್ತಿದರು. ಬೆಳಗಿನ ಜಾವಕ್ಕೆ ಎಣ್ಣೆಶಾಸ್ತ್ರ, ಬಿಸಿಬಿಸಿ ನೀರು. “ಮೈ ಹಗುರವಾಯ್ತು ಕಣೇ” ಅಂತ ಅವರು ಹೇಳಿದಾಗ ನನಗೆ ಹಬ್ಬವೇ ಸಾರ್ಥಕ ಅನ್ನಿಸಿತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಈ ಪುಟದಲ್ಲಿ ಬರೆಯುತ್ತಿರಲಿಲ್ಲ.

ಡಿಸೆಂಬರಿನ ಚಳಿ ಬಂತು. ಬೆಳಿಗ್ಗೆ ಮೊದಲ ಸಲ ಬಿಸಿನೀರಿನ ನಲ್ಲಿ ತಿರುಗಿಸಿದರೆ ‘ಬುಸ್’ ಅಂತ ನೀರು ಚಿಮ್ಮುತ್ತಿತ್ತು, ಆಮೇಲೆ ಸರಿಯಾಗುತ್ತಿತ್ತು. ಹೊಸ ಗೀಸರಿನ ಜೋರು ಅಂತ ನಾವು ಹೆಮ್ಮೆಪಟ್ಟೆವು! ಒಂದು ಬೆಳಿಗ್ಗೆ ನಮ್ಮತ್ತೆ ಸ್ನಾನ ಮುಗಿಸಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಹೊರಗೆ ಬಂದರು. ಮುಂದಿನ ಸರದಿ ಮಗಳದು. ಸ್ವಿಚ್ಚು ಹಾಗೇ ಇತ್ತು. ಅವಳು ಟವೆಲ್ ಹುಡುಕುತ್ತ ಐದು ನಿಮಿಷ ತಡ ಮಾಡಿದಳು. ಅಷ್ಟರಲ್ಲಿ ಬಚ್ಚಲಿನಿಂದ ಪಟಾಕಿ ಸಿಡಿದಂತೆ ಸದ್ದು. ಓಡಿಹೋಗಿ ನೋಡಿದರೆ ಬಿಸಿನೀರಿನ ಕನೆಕ್ಷನ್ ಪೈಪು ಬಿರಿದು, ಹಬೆಯಾಡುವ ನೀರು ಗೋಡೆಯಿಂದ ಗೋಡೆಗೆ ಚಿಮ್ಮುತ್ತಿದೆ. ನಮ್ಮತ್ತೆ ಕೂತುಕೊಳ್ಳುವ ಮಣೆ ಇರುತ್ತದಲ್ಲ, ಸರಿಯಾಗಿ ಅದರ ಮೇಲೆ ಬೀಳುತ್ತಿದೆ.

ಯಜಮಾನರು ಮೇನ್ ಸ್ವಿಚ್ಚು ಆರಿಸಿದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೈಕಾಲು ಗಡಗಡ ನಡುಗುತ್ತಿತ್ತು. ಐದು ನಿಮಿಷ, ಬರೇ ಐದು ನಿಮಿಷ! ಅತ್ತೆಗೆ ಎದ್ದು ಓಡಲು ಮಂಡಿ ಇಲ್ಲ. ಮಗಳು ಟವೆಲ್ ಬೇಗ ಸಿಕ್ಕಿದ್ದರೆ ಅಲ್ಲೇ ಇರುತ್ತಿದ್ದಳು.

ಆ ಹುಡುಗನ ಫೋನು ಸಿಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹಳೇ ಪ್ಲಂಬರಣ್ಣನನ್ನು ಕರೆಯುವುದು? ಯಜಮಾನರೇ ಹೋಗಿ ಕರೆತಂದರು. ಅವರು ಬಂದವರು ಒಡೆದ ಪೈಪನ್ನು ನೋಡಲೇ ಇಲ್ಲ. ನೇರವಾಗಿ ಆ ಹಿತ್ತಾಳೆ ವಾಲ್ವಿಗೆ ಕೈಹಾಕಿ, ಅಲ್ಲೇ ನಿಂತುಬಿಟ್ಟರು.

“ಇದನ್ನ ಮುಚ್ಚಿದ್ದು ಯಾರು ಅಮ್ಮಾವ್ರೇ?”

“ಆ ಹುಡುಗ...” ಅಂದೆ. ಆಮೇಲೆ ನನ್ನ ಬಾಯಿಂದಲೇ ನಿಜ ಬಂತು. “ನಾನೇ ಮುಚ್ಚಿಸಿದೆ. ಹನಿ ಬೀಳುತ್ತಿತ್ತು.”

“ಅದು ಬೀಳಬೇಕು ಅಮ್ಮಾವ್ರೇ. ಬೀಳಲಿ ಅಂತಲೇ ಅದನ್ನ ಇಟ್ಟಿರೋದು. ನೀವು ಕುಕ್ಕರ್ ಇಡ್ತೀರಲ್ಲ, ಅದರ ಸೇಫ್ಟಿ ವಾಲ್ವಿಗೆ ಮೊಳೆ ಹೊಡೆದು, ಸೀಟಿ ಮೇಲೆ ಗುಂಡುಕಲ್ಲು ಇಟ್ಟರೆ ಏನಾಗುತ್ತೆ?”

ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಅವರು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಮನಸ್ಸಿಟ್ಟು ಓದಿ. ನೀರು ಕಾದರೆ ಹಿಗ್ಗುತ್ತದೆ. 15 ಲೀಟರು 60 ಡಿಗ್ರಿಗೆ ಕಾದಾಗ ಸುಮಾರು ಒಂದು ದೊಡ್ಡ ಲೋಟದಷ್ಟು ನೀರು ಹೆಚ್ಚಾದಂತೆ. ಆ ವಾಲ್ವು ನೀರನ್ನು ವಾಪಸು ಪೈಪಿಗೆ ಹೋಗಲು ಬಿಡುವುದಿಲ್ಲ. ಅತ್ತ ನಲ್ಲಿಯೂ ಮುಚ್ಚಿದೆ. ಹಾಗಾದರೆ ಆ ಲೋಟದಷ್ಟು ನೀರು ಹೋಗುವುದೆಲ್ಲಿಗೆ? ಒತ್ತಡ ಜಾಸ್ತಿಯಾದಾಗ ಅದೇ ವಾಲ್ವಿನ ಪಕ್ಕದ ತೂತಿನಿಂದ ಹನಿಹನಿಯಾಗಿ ಹೊರಗೆ ಬರುತ್ತದೆ. ಅದನ್ನು ಮುಚ್ಚಿದರೆ ಒತ್ತಡವೆಲ್ಲ ಟ್ಯಾಂಕಿನ ಮೇಲೆ, ಪೈಪಿನ ಮೇಲೆ. ನಲ್ಲಿ ‘ಬುಸ್’ ಅಂದದ್ದು ಗೀಸರಿನ ಜೋರಲ್ಲ, ಅದರ ನರಳಾಟ.

ಗೀಸರಿಗೆ ಮೂರು ಕಾವಲು ಇರುತ್ತವಂತೆ. ನೀರು ಇಷ್ಟು ಕಾದರೆ ಸಾಕು ಅಂತ ಕರೆಂಟು ನಿಲ್ಲಿಸುವ ಥರ್ಮೋಸ್ಟ್ಯಾಟ್ ಮೊದಲನೆಯದು. ಅದು ಕೆಟ್ಟರೆ ಕರೆಂಟು ಕಡಿಯುವ ಕಟ್-ಔಟ್ ಎರಡನೆಯದು. ಅದೂ ಕೈಕೊಟ್ಟರೆ ಕೊನೆಯ ಕಾವಲು ಈ ವಾಲ್ವು. ಆ ಕೊನೆಯ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದವಳು ನಾನು. ಹಳೆಯ ಕನೆಕ್ಷನ್ ಪೈಪು ಒಡೆದದ್ದೇ ಪುಣ್ಯ, ಅದು ಒಡೆಯದೆ ಟ್ಯಾಂಕೇ ಬಿರಿದಿದ್ದರೆ ಗೋಡೆಯೂ ಉಳಿಯುತ್ತಿರಲಿಲ್ಲ ಅಂದರು.

ನಡುಮನೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ನಮ್ಮತ್ತೆ ಮೆಲ್ಲಗೆ ಅಂದರು, “ನಮ್ಮ ಹಂಡೆಗೆ ಬಾಯಿತ್ತು ಕಣೇ. ಉಕ್ಕಿದರೆ ಮುಚ್ಚಳ ತಾನೇ ಕುಣೀತಿತ್ತು.”

ಹೊಸ ವಾಲ್ವು 400, ಕನೆಕ್ಷನ್ ಪೈಪು 350, ಆಂಗಲ್ ವಾಲ್ವು 700, ಕಬ್ಬಿಣದ ಪೈಪು ತೆಗೆದು ಹೊಸ ತುಂಡು 450, ಕೂಲಿ 500. ಒಟ್ಟು 2,400. ಮೊದಲು ಕೊಟ್ಟ 1,200 ಸೇರಿಸಿದರೆ 3,600. ಹಳೇ ಪ್ಲಂಬರಣ್ಣ ಬರೆದುಕೊಟ್ಟದ್ದು 2,450. ಉಳಿಸಲು ಹೋದದ್ದು 1,250, ಕಳೆದುಕೊಂಡದ್ದು 1,150. ಸಾಸಿವೆ ಡಬ್ಬಿ ಬರಿದಾಯಿತು. ‘ಕಾಸಿಗೆ ತಕ್ಕ ಕಜ್ಜಾಯ’ ಅಂತ ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನೇ!

ದುಡ್ಡು ಕೊಡುವಾಗ ನಾಚಿಕೆಯಿಂದ, “ಆವತ್ತು ನಾನು ಚೌಕಾಸಿ ಮಾಡಬಾರದಿತ್ತು” ಅಂದೆ. ಅವರು ನಕ್ಕರು. “ಚೌಕಾಸಿ ಮಾಡಿ ಅಮ್ಮಾವ್ರೇ, ತಪ್ಪೇನಿಲ್ಲ. ಆದರೆ ಯಾತಕ್ಕೆ ಎಷ್ಟು ಅಂತ ಕೇಳಿ ಮಾಡಿ. ಆವತ್ತಿನ ಎರಡು ಸಾವಿರದ ನಾನೂರೈವತ್ತರಲ್ಲಿ ನನ್ನ ಕೈಗೆ ಬರ್ತಿದ್ದದ್ದು ಎಂಟುನೂರು. ಮಿಕ್ಕಿದ್ದು ಅಂಗಡಿಯವನದು. ನೀವು ಸಾವಿರದ ಐನೂರಕ್ಕೆ ಇಳಿಸಿದರೆ ನಾನು ಎಲ್ಲಿ ಕಡಿಮೆ ಮಾಡಲಿ? ಒಂದೋ ಸಾಮಾನು ಬಿಡಬೇಕು, ಇಲ್ಲಾ ಊಟ ಬಿಡಬೇಕು.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಗಡಿಯಲ್ಲಿ 8,200ಕ್ಕೆ ಬಾಯಿ ಬಿಡದವಳು, ಕ್ಯಾಲೆಂಡರಿನ ಹಿಂದೆ ಬರೆದ 2,450ಕ್ಕೆ ಯಾಕೆ ಅಷ್ಟು ಬಾಯಿ ಮಾಡಿದೆ? ಅಚ್ಚಾದ ಬಿಲ್ಲಿಗೆ ನಮಗೆ ಹೆದರಿಕೆ. ಪೆನ್ಸಿಲಿನಲ್ಲಿ ಬರೆದ ಚೀಟಿಗೆ ಅಸಡ್ಡೆ. ತಂಪು ಗಾಳಿಯಲ್ಲಿ ಕೂತು ಮಾರುವವನನ್ನು ‘ಸರ್’ ಅನ್ನುತ್ತೇವೆ. ಬಚ್ಚಲಿನಲ್ಲಿ ನಿಂತು ಬೆವರು ಸುರಿಸುವವನನ್ನು ಕಳ್ಳನಂತೆ ನೋಡುತ್ತೇವೆ. ಆ ಹುಡುಗನದೂ ಪೂರ್ತಿ ತಪ್ಪು ಅನ್ನಲಾರೆ. ಕೊಟ್ಟ ದುಡ್ಡಿಗೆ ಎಷ್ಟಾಗುತ್ತದೋ ಅಷ್ಟು ಮಾಡಿದ, ಹೇಳಿದ ಹಾಗೆ ಮುಚ್ಚಿದ. ಅವನಿಗೆ ಸರಿಯಾಗಿ ಕಲಿಸಿದವರಿರಲಿಲ್ಲ, ನನಗೆ ಕೇಳುವ ತಾಳ್ಮೆಯಿರಲಿಲ್ಲ.

ಹಾಗಂತ ಕೇಳಿದಷ್ಟು ಕೊಟ್ಟುಬಿಡಿ ಅಂತಲೂ ನಾನು ಹೇಳುವುದಿಲ್ಲ. ಸಂಸಾರದ ದುಡ್ಡು, ಒಂದೊಂದು ರೂಪಾಯಿಗೂ ಲೆಕ್ಕ ಬೇಕು. ಆದ್ದರಿಂದ ಈಗ ನಾನು ಪಾಲಿಸುವ ಕೆಲವು ಸೂತ್ರಗಳನ್ನು ಬರೆಯುತ್ತೇನೆ. ಕತ್ತರಿಸಿ ಅಡುಗೆಮನೆಯ ಕಪಾಟಿಗೆ ಅಂಟಿಸಿಕೊಂಡರೂ ಸರಿಯೇ.

1. ಕೆಲಸಕ್ಕೆ ಕೈಹಾಕುವ ಮೊದಲೇ ಕೂಲಿ ಎಷ್ಟು, ಸಾಮಾನು ಎಷ್ಟು ಅಂತ ಬೇರೆಬೇರೆಯಾಗಿ ಬರೆಸಿಕೊಳ್ಳಿ. ‘ಎಲ್ಲಾ ಸೇರಿ ಇಷ್ಟು’ ಅನ್ನುವುದರಲ್ಲಿ ಏನು ಸೇರಿದೆ, ಏನು ಸೇರಿಲ್ಲ ಅಂತ ಗೊತ್ತಾಗುವುದಿಲ್ಲ. ಬಂದು ನೋಡಿಹೋಗುವುದಕ್ಕೇ ದುಡ್ಡು ಇದೆಯೇ, ಅದು ಕೂಲಿಯಲ್ಲಿ ವಜಾ ಆಗುತ್ತದೆಯೇ ಅಂತಲೂ ಕೇಳಿ.

2. ಬೆಲೆಯ ಬಗ್ಗೆ ಅನುಮಾನವಿದ್ದರೆ ಸಾಮಾನಿನ ಪಟ್ಟಿ ಬರೆಸಿಕೊಂಡು ಹಾರ್ಡ್‌ವೇರ್ ಅಂಗಡಿಯಿಂದ ನೀವೇ ತನ್ನಿ. ಇಲ್ಲವೇ ಅಂಗಡಿಯ ಬಿಲ್ಲು ಕೇಳಿ. ಮುಖ ಕೆಡಿಸಿಕೊಳ್ಳದೆ ಬಿಲ್ಲು ಕೊಡುವ ಪ್ಲಂಬರನ್ನು ಬಿಡಬೇಡಿ.

3. ಅಂಗಡಿಯವರು ‘ಫಿಟ್ಟಿಂಗ್ ಫ್ರೀ’ ಅಂದರೆ ಹಿಗ್ಗಬೇಡಿ. ಗೋಡೆಗೆ ನೇತುಹಾಕುವುದಷ್ಟೇ ಫ್ರೀ ಇರಬಹುದು. ಪೈಪು, ವಾಲ್ವು, ಹಳೆಯದನ್ನು ಇಳಿಸುವುದು, ಇವಕ್ಕೆ ಬೇರೆ ದುಡ್ಡೇ ಅಂತ ಮೊದಲೇ ಕೇಳಿ. ಕೆಲವು ಕಂಪನಿಗಳು ತಮ್ಮ ಮನುಷ್ಯನೇ ಕೂರಿಸದಿದ್ದರೆ ಗ್ಯಾರಂಟಿ ಇಲ್ಲ ಅನ್ನುತ್ತವೆ. ಆ ಕಾರ್ಡನ್ನು ಕೊಂಡ ದಿನವೇ ಓದಿ.

4. ಹಳೆಯ ಗೀಸರು ಯಾರಿಗೆ ಅಂತಲೂ ಮೊದಲೇ ಮಾತಾಡಿ. ನಮ್ಮದಕ್ಕೆ ಗುಜರಿಯವನು 400 ರೂಪಾಯಿ ಕೊಟ್ಟ. ಒಳಗೆ ತಾಮ್ರದ ಟ್ಯಾಂಕಿದ್ದರೆ ಇನ್ನೂ ಜಾಸ್ತಿ ಬರುತ್ತದೆ. ಸುಮ್ಮನೆ ‘ತೊಗೊಂಡ್ಹೋಗಪ್ಪ’ ಅನ್ನಬೇಡಿ. ಕೊಡುವುದಾದರೆ ಕೂಲಿಯಲ್ಲಿ ಹೊಂದಿಸಿಕೊಳ್ಳಿ.

5. ಕನೆಕ್ಷನ್ ಪೈಪು, ಸೇಫ್ಟಿ ವಾಲ್ವು ಹೊಸದೇ ಇರಲಿ. ಬಿಸಿನೀರಿಗೆ ಸಿ.ಪಿ.ವಿ.ಸಿ. ಪೈಪು ಹಾಕಿಸಿ. ತಣ್ಣೀರಿಗೆ ಬಳಸುವ ಸಾಧಾರಣ ಪಿ.ವಿ.ಸಿ. ಪೈಪು ಬಿಸಿಗೆ ಮೆತ್ತಗಾಗುತ್ತದೆ. ಚೌಕಾಸಿಯನ್ನು ಇವುಗಳ ಮೇಲೆ ಮಾಡಬೇಡಿ.

6. ಗೀಸರು ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಬೀಳಲಿ. ಒಂದು ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ ಬಚ್ಚಲಿನ ಮೋರಿಗೆ ಬಿಟ್ಟರೆ ಗೋಡೆ ಗಲೀಜಾಗುವುದಿಲ್ಲ. ಮುಚ್ಚಿಸುವ ಮಾತು ಮಾತ್ರ ಬೇಡ. ಆರಿಸಿದ ಮೇಲೂ ಎಡೆಬಿಡದೆ ಸುರಿಯುತ್ತಿದ್ದರೆ ವಾಲ್ವನ್ನೇ ಬದಲಿಸಬೇಕು.

7. ಪ್ಲಂಬರನ ಕೈಯಲ್ಲಿ ಕರೆಂಟಿನ ಕೆಲಸ ಮಾಡಿಸಬೇಡಿ. 2000 ವ್ಯಾಟಿನ ಗೀಸರಿಗೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು, ಅರ್ತಿಂಗ್ ಸರಿಯಾಗಿರಬೇಕು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಒಂದು ಸಲ ನೋಡಿಸಿ. ನೀರು ಕಾದ ಮೇಲೆ ಸ್ವಿಚ್ಚು ಆರಿಸಿಯೇ ಸ್ನಾನಕ್ಕೆ ಇಳಿಯಿರಿ. ಮಕ್ಕಳಿಗೂ ಇದನ್ನು ರೂಢಿ ಮಾಡಿಸಿ.

8. ಗಡಸು ನೀರಿನ ಊರಿನವರು ವರ್ಷಕ್ಕೊಂದು ಸಲ, ಇಲ್ಲವೇ ಎರಡು ವರ್ಷಕ್ಕೊಂದು ಸಲ ಗೀಸರು ಬಿಚ್ಚಿಸಿ ಒಳಗಿನ ಸುಣ್ಣದ ಚಕ್ಕೆ ತೆಗೆಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಒಂದು ಮೆಗ್ನೀಸಿಯಂ ಕಡ್ಡಿ ಒಳಗಿರುತ್ತದೆ. ಅದು ಸವೆದಿದ್ದರೆ ಬದಲಿಸಿ. ಕೆಲವು ನೂರು ರೂಪಾಯಿಯ ಈ ಕೆಲಸ ಸಾವಿರಾರು ರೂಪಾಯಿಯ ಟ್ಯಾಂಕನ್ನು ಉಳಿಸುತ್ತದೆ. ನಾನು ಹದಿನೈದು ವರ್ಷದಲ್ಲಿ ಒಮ್ಮೆಯೂ ಮಾಡಿಸಿರಲಿಲ್ಲ.

‘ಇಷ್ಟೆಲ್ಲ ಯಾಕೆ, ಗ್ಯಾಸ್ ಗೀಸರ್ ಹಾಕಿಸಿಕೊಳ್ಳಿ, ಖರ್ಚು ಕಡಿಮೆ’ ಅಂತ ಎದುರುಮನೆಯಾಕೆ ಈಗ ಹೊಸ ಸಲಹೆ ಕೊಟ್ಟಿದ್ದಾಳೆ. ಗಾಳಿಯಾಡದ ಬಚ್ಚಲಿನೊಳಗೆ ಗ್ಯಾಸ್ ಗೀಸರು ಇಡಲೇಬಾರದು ಗೆಳತಿಯರೇ. ಅದು ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಹಾಕಿಸಲೇಬೇಕಾದರೆ ಗೀಸರು ಬಚ್ಚಲಿನ ಹೊರಗೆ, ಬಯಲಿನ ಗಾಳಿಯಲ್ಲಿರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಸ್ವಂತ ತಾರಸಿ ಇದ್ದವರಿಗೆ ಸೋಲಾರ್ ಒಳ್ಳೆಯದೇ. ಮೊದಲ ಖರ್ಚು ಜಾಸ್ತಿ, ಆಮೇಲೆ ಸೂರ್ಯದೇವ ಬಿಲ್ಲು ಕಳಿಸುವುದಿಲ್ಲ. ಮೋಡ ಕವಿದ ದಿನಕ್ಕೆ ಬೇರೆ ಏರ್ಪಾಡು ಇರಬೇಕು, ಅಷ್ಟೇ.

ಮೊನ್ನೆ ಅಡುಗೆಮನೆಯ ನಲ್ಲಿ ಸೋರಿತು. ಹಳೇ ಪ್ಲಂಬರಣ್ಣನೇ ಬಂದರು. ಈ ಸಲ ಕ್ಯಾಲೆಂಡರಿನ ಹಾಳೆಯನ್ನು ನಾನೇ ಹರಿದು ಪೆನ್ನಿನ ಜೊತೆ ಮುಂದಿಟ್ಟೆ. ವಾಷರು 20, ಕೂಲಿ 200 ಅಂತ ಬರೆದರು. ಅಭ್ಯಾಸಬಲ ನೋಡಿ, “150 ಮಾಡಿಕೊಳ್ಳಿ” ಅನ್ನುವ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತು! ಅಷ್ಟರಲ್ಲಿ ನಡುಮನೆಯಿಂದ ನಮ್ಮತ್ತೆ ಕೆಮ್ಮಿದರು. ನಾನು ನುಂಗಿಕೊಂಡು, “ಕಾಫಿಗೆ ಸಕ್ಕರೆ ಎಷ್ಟು ಹಾಕಲಿ?” ಅಂತ ಕೇಳಿದೆ.

ಈಗ ಒಂದು ಕೆಲಸ ಮಾಡಿ. ಈ ಪುಟ ಮಡಚಿಟ್ಟು ಎದ್ದು ಬಚ್ಚಲಿಗೆ ಹೋಗಿ, ನಿಮ್ಮ ಬಾಯ್ಲರಿನ ಕೆಳಗೆ ಒಮ್ಮೆ ಕತ್ತೆತ್ತಿ ನೋಡಿ. ತಣ್ಣೀರು ಹೋಗುವ ಕಡೆ ಆ ಪುಟ್ಟ ವಾಲ್ವು ಇದೆಯೇ? ಅದರ ತೂತು ತೆರೆದಿದೆಯೇ? ಕನೆಕ್ಷನ್ ಪೈಪು ಉಬ್ಬಿದೆಯೇ, ತುಕ್ಕು ಹಿಡಿದಿದೆಯೇ? ಅನುಮಾನ ಬಂದರೆ ಸ್ವಿಚ್ಚು ಆರಿಸಿ, ಬಲ್ಲವರನ್ನು ಕರೆಸಿ. ಅವರು ಬರೆದುಕೊಟ್ಟ ಚೀಟಿಯನ್ನು ಸಿಟ್ಟಿಲ್ಲದೆ ಎರಡು ಸಲ ಓದಿ.

ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ. ಮತ್ತೆ ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬರಲೇ?